ಒಂಬತ್ತನೇ ಕಪಾಟು

ಫುಟ್‌ಬಾಲ್ ಕ್ಲಬ್ಬಿನಲ್ಲಿ ಎಲ್ಲರೂ ಅವಳನ್ನು ಬಟ್ಟೆ ಅಕ್ಕ ಎಂದೇ ಕರೆಯುತ್ತಿದ್ದರು. ಆಟಗಾರರ ಜೆರ್ಸಿ, ಚಡ್ಡಿ, ಕಾಲುಚೀಲಗಳನ್ನು ಒಗೆದು ಒಣಗಿಸಿ, ನಂಬರಿನ ಪ್ರಕಾರ ಕಪಾಟುಗಳಲ್ಲಿ ಜೋಡಿಸುವುದು ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ. ಗ್ಯಾಲರಿಯ ಮೆಟ್ಟಿಲ ಕೆಳಗೆ ಕಿಟಕಿಯಿಲ್ಲದ ಕೋಣೆ. ಎರಡು ದೊಡ್ಡ ಮಷೀನು, ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗ, ನೋವಿನ ಮುಲಾಮಿಗೆ ಬೆವರು ಬೆರೆತ ವಾಸನೆ. ಯಾರು ನಿಜವಾಗಿ ಓಡಿದ, ಯಾರು ಓಡಿದ ಹಾಗೆ ಮಾಡಿದ ಎಂಬುದು ಪಂದ್ಯ ನೋಡದೆ, ಬಟ್ಟೆ ನೋಡಿಯೇ ಅವಳಿಗೆ ತಿಳಿಯುತ್ತಿತ್ತು.

ಅವಳ ಸಿಟ್ಟಿಗೆ ಕೋಚ್ ಕೂಡ ಹೆದರುತ್ತಿದ್ದ. ಕಾಲುಚೀಲದೊಳಗೆ ಅಂಟುಪಟ್ಟಿ ಬಿಟ್ಟು ಮಷೀನು ಕೆಡಿಸಿದವರಿಗೆ ಆ ವಾರ ಒದ್ದೆ ಕಾಲುಚೀಲವೇ ಗತಿ. ಕ್ಯಾಪ್ಟನ್ನಿಗೂ ವಿನಾಯಿತಿ ಇರಲಿಲ್ಲ. ಆದರೆ ಈಚೆಗೆ ಅವಳ ಹೊಟ್ಟೆಯೊಳಗೆ ಉರಿಯುತ್ತಿದ್ದದ್ದು ತಮ್ಮನ ಸಂಗತಿ.

ತಮ್ಮ ಅದೇ ಕ್ಲಬ್ಬಿನ ಆಟಗಾರ. ಕಿರಿಯರ ತಂಡದಲ್ಲಿ ಬೆಳೆದವನು, ಅಲ್ಲಿ ಒಂದೇ ವರ್ಷದಲ್ಲಿ ಮೂವತ್ತೊಂದು ಗೋಲು ಹೊಡೆದಿದ್ದ. ದೊಡ್ಡ ತಂಡಕ್ಕೆ ಬಂದು ನೋಡಿದರೆ ಮುಂದಿನ ಸಾಲಿನ ಮೂರು ಜಾಗಕ್ಕೂ ಹೊರದೇಶದವರು. ಗೋಲ್‌ಕೀಪರ್ ಕೂಡ ಹೊರದೇಶದವನೇ. "ಸ್ವಲ್ಪ ದಿನ ಹಿಂದಿನ ಸಾಲಲ್ಲಿ ಆಡು," ಎಂದ ಕೋಚ್. ಆ ಸ್ವಲ್ಪ ದಿನ ಆರು ವರ್ಷವಾಯಿತು. ಗೋಲು ಹೊಡೆಯಬೇಕಾದವನು ಗೋಲು ತಡೆಯುತ್ತ, ಆಮೇಲೆ ಅದೂ ಇಲ್ಲದೆ ಬೆಂಚಿನ ಮೇಲೆ ಕೂತು ಇಪ್ಪತ್ತಾರು ಮುಟ್ಟಿದ. ಅವನ ಜೆರ್ಸಿ ಮಣ್ಣು ಸೋಕದೆ ಬುಟ್ಟಿಗೆ ಬಿದ್ದಾಗಲೆಲ್ಲ ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು.

ಒಂಬತ್ತನೇ ನಂಬರಿನವನಿಗೆ ಹುಡುಗರು ಇಟ್ಟ ಹೆಸರು ಏಣಿ. ಅಷ್ಟೆತ್ತರದ ಆಳು. ದೂರದ ದೇಶದಿಂದ ಬಂದು ಎರಡು ವರ್ಷವಾಗಿತ್ತು. ಅಕ್ಕ ತಮ್ಮ ಇಬ್ಬರೂ ಏಣಿಗೆ ಬೈಯದೆ ಊಟ ಮುಗಿಸುತ್ತಿರಲಿಲ್ಲ. ಒಂದು ತಂಡಕ್ಕೆ ಮೂರೇ ಜನ ಹೊರದೇಶದವರೆಂದು ಮಿತಿ ಹಾಕಿ ಎಂದು ಅಭಿಮಾನಿಗಳು ಲೀಗಿಗೆ ಮನವಿ ಬರೆದಾಗ ಎರಡನೇ ಸಹಿ ಅವಳದು. ಹಾಗಿದ್ದರೂ ಅವಳಿಗೆ ಒಂದು ಮುಜುಗರವೂ ಇತ್ತು. ಇಡೀ ತಂಡದಲ್ಲಿ ಕಾಲುಚೀಲ ಸರಿಯಾಗಿ ಹೊರಳಿಸಿ, ಜೋಡಿ ಮಾಡಿ ಬುಟ್ಟಿಗೆ ಹಾಕುತ್ತಿದ್ದವನು ಏಣಿ ಒಬ್ಬನೇ. "ಅಕ್ಕಂಗೆ ತೊಂದ್ರೆ ಬೇಡ," ಎನ್ನುತ್ತಿದ್ದ. ಅವನು ಕಲಿತಿದ್ದ ನಾಲ್ಕೈದು ಮಾತುಗಳಲ್ಲಿ ಅದೊಂದು.

ಲೀಗು ಮನವಿಗೆ ಒಪ್ಪಿತು. ಅರ್ಧ ಸೀಸನ್ನಿಗೇ ನಿಯಮ ಜಾರಿಗೆ ಬಂತು. ನಾಲ್ವರಲ್ಲಿ ಒಬ್ಬ ಹೋಗಬೇಕು.

ಮರುದಿನ ಬೆಳಿಗ್ಗೆ ಕ್ಲಬ್ಬಿನ ಕಾರ್ಯದರ್ಶಿ ಒಗೆಯುವ ಕೋಣೆಗೆ ಇಳಿದು ಬಂದ. ಇಷ್ಟು ವರ್ಷದಲ್ಲಿ ಅವನು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲೇ ನಿಂತ.

"ಹನ್ನೊಂದು ಗಂಟೆಯೊಳಗೆ ಒಂಬತ್ತನೇ ಕಪಾಟು ಖಾಲಿ ಮಾಡಿಬಿಡಿ ಅಕ್ಕ. ಅವನ ಸಾಮಾನೆಲ್ಲ ಚೀಲಕ್ಕೆ ತುಂಬಿ ಗೇಟ್ ಹತ್ರ ಇಡಿ. ಇನ್ಮೇಲೆ ಅದು ನಿಮ್ಮ ತಮ್ಮನಿಗೆ. ಖುಷಿ ತಾನೆ?"

"ಏಣಿಗೆ ಹೇಳಿದ್ರಾ?"

"ಪ್ರಾಕ್ಟೀಸಲ್ಲಿದಾನೆ. ಮುಗಿದ ಮೇಲೆ ಮೊಬೈಲಿಗೆ ಮೆಸೇಜ್ ಹೋಗುತ್ತೆ."

ಅವಳಿಗೆ ಖುಷಿಯಾಗಬೇಕಿತ್ತು. ನೆತ್ತಿಗೇರಿದ್ದು ಸಿಟ್ಟು.

"ಬಂದ ದಿನ ಹೆಗಲ ಮೇಲೆ ಕೈ ಹಾಕ್ಕೊಂಡು ಫೋಟೊ ತೆಗೆಸ್ಕೊಂಡ್ರಲ್ಲ ಸಾರ್? ಹೋಗೋ ದಿನ ಬಾಯಿಬಿಟ್ಟು ಒಂದು ಮಾತು ಹೇಳೋಕೆ ಏನು ಕಷ್ಟ? ನಾಲಿಗೆಗೆ ರಜಾ ಕೊಟ್ಟಿದೀರಾ?"

"ನೀವು ಬಟ್ಟೆ ನೋಡ್ಕೊಳ್ಳಿ."

"ಅದನ್ನೇ ನೋಡ್ಕೊಳ್ತೀನಿ."

ಅವನು ಮೆಟ್ಟಿಲು ಹತ್ತಿದ್ದೇ ತಡ, ಅವಳು ಪಕ್ಕದ ಕಪಾಟಿನ ಕೋಣೆಗೆ ಬೀಗ ಜಡಿದಳು. ಕೀಲಿಗೊಂಚಲು ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿ ಬೋರಲು ಹಾಕಿ ಬಾಗಿಲಿಗೆ ಅಡ್ಡ ಕೂತಳು. ಹನ್ನೊಂದಕ್ಕೆ ಆಟಗಾರರು ಬೆವರು ಸುರಿಸುತ್ತ ಬಂದರು. ಟವೆಲ್ಲಿಲ್ಲ, ಬದಲಿ ಬಟ್ಟೆಯಿಲ್ಲ. ಕ್ಯಾಪ್ಟನ್ ತಮಾಷೆ ಮಾಡಿ ನೋಡಿದ, ಕೋಚ್ ಗೋಗರೆದ. "ಕಾರ್ಯದರ್ಶಿ ಬರ್ಲಿ," ಎಂಬುದೊಂದೇ ಅವಳ ಉತ್ತರ.

ಮೈದಾನದಲ್ಲೇ ಉಳಿದಿದ್ದ ತಮ್ಮ ವಿಷಯ ತಿಳಿದು ಓಡಿಬಂದ. "ನಿಂಗೇನು ತಲೆ ಕೆಟ್ಟಿದೆಯಾ ಅಕ್ಕ? ಆರು ವರ್ಷಕ್ಕೆ ನನ್ನ ಜಾಗ ಸಿಗ್ತಿದೆ. ನೀನೇ ಸಹಿ ಹಾಕಿದ್ದಲ್ವಾ?"

"ಹಾಕಿದ್ದೆ, ನಾಳೆ ಕೇಳಿದ್ರೂ ಹಾಕ್ತೀನಿ. ಆದ್ರೆ ನಿನ್ನ ಜಾಗ ಕಿತ್ಕೊಂಡವನು ಈ ಏಣಿ ಅಲ್ಲ ಕಣೋ. ಇವನನ್ನ ಕರೆಸಿದ್ಯಾರು? ರೆಡಿಮೇಡ್ ಆಟಗಾರರು ಸಿಗ್ತಾರೆ ಅಂತ ಕಿರಿಯರ ತಂಡ ಮುಚ್ಚಿದ್ಯಾರು? ನೀನು ಆಡಿ ಬೆಳೆದ ಮೈದಾನದಲ್ಲಿ ಈಗ ಯಾರ ಕಾರು ನಿಲ್ತಿದೆ? ಅದೇ ಕಾರ್ಯದರ್ಶಿ ಈಗ ಕಸ ಗುಡಿಸಿದ ಹಾಗೆ ಇವನನ್ನ ಹೊರಗೆ ಹಾಕ್ತಾನೆ, ಗುಡಿಸೋ ಕೆಲಸ ನನ್ನ ಕೈಲಿ ಮಾಡಿಸ್ತಾನೆ!"

ಹಿಂದೆ ನಿಂತಿದ್ದ ಏಣಿಗೆ ಮಾತು ಪೂರ್ತಿ ಅರ್ಥವಾಗದಿದ್ದರೂ ತನ್ನ ವಿಷಯವೆಂದು ತಿಳಿದಿತ್ತು.

ಕಾರ್ಯದರ್ಶಿ ಕೊನೆಗೂ ಬಂದ. ಇಪ್ಪತ್ತು ಜನರ ಎದುರು, ಫೋನು ನೋಡುತ್ತಲೇ, ಎರಡು ನಿಮಿಷದಲ್ಲಿ ಹೇಳಿ ಮುಗಿಸಿದ. ನಿಯಮ, ಧನ್ಯವಾದ, ಶುಭವಾಗಲಿ. ಅವಳು ಎದ್ದು ಬೀಗ ತೆಗೆದಳು. ಏಣಿ ತನ್ನ ಬಟ್ಟೆಗಳನ್ನು ಒಂದೊಂದಾಗಿ ಮಡಚಿ ಚೀಲಕ್ಕೆ ಇಟ್ಟುಕೊಂಡ. "ಅಕ್ಕ, ನನ್ನ ತಪ್ಪು ಏನು?" ಎಂದು ಕೇಳಿದ. ಅವಳು ಹಗ್ಗದ ಮೇಲಿದ್ದ ಅವನ ಕಾಲುಚೀಲಗಳನ್ನು ತಂದು, ಜೋಡಿ ಮಾಡಿ ಚೀಲದೊಳಗೆ ಇಟ್ಟಳು. ತಮ್ಮ ಆ ಚೀಲ ಎತ್ತಿಕೊಂಡು ಗೇಟಿನವರೆಗೆ ಹೋದ.

ಮುಂದಿನ ವಾರ ಒಂಬತ್ತನೇ ಜೆರ್ಸಿ ತಮ್ಮನ ಮೈಮೇಲೆ. ಆರು ವರ್ಷ ಹಿಂದಕ್ಕೇ ಓಡಿದ ಕಾಲುಗಳು ಮುಂದಕ್ಕೆ ಓಡಲು ತಡವರಿಸಿದವು. ಮೂರು ಪಂದ್ಯ, ಒಂದೂ ಗೋಲಿಲ್ಲ. ಏಣಿಗೆ "ಊರಿಗೆ ಹೋಗೋ" ಎಂದು ಕೂಗಿದ ಗ್ಯಾಲರಿಯೇ ಈಗ ಇವನಿಗೆ "ಮನೆಗೆ ಹೋಗೋ" ಎಂದಿತು. ನಾಲ್ಕನೇ ಪಂದ್ಯದಲ್ಲಿ ಚೆಂಡು ಅವನ ಮಂಡಿಗೆ ತಾಗಿ ಒಳಗೆ ಹೋಯಿತು. ಮಾರನೆಯ ದಿನದ ಪತ್ರಿಕೆಯಲ್ಲಿ ಕಾರ್ಯದರ್ಶಿಯ ನಗುಮುಖ: ನಮ್ಮ ನೆಲದ ಪ್ರತಿಭೆಯನ್ನು ಬೆಳೆಸುವುದೇ ನಮ್ಮ ಗುರಿಯಂತೆ. ಅವಳು ಆ ಪುಟವನ್ನು ಹರಿದು ಒದ್ದೆ ಬೂಟುಗಳೊಳಗೆ ತುರುಕಿದಳು.

ಸದಸ್ಯರ ವಾರ್ಷಿಕ ಸಭೆಯಲ್ಲಿ ಅವಳು ಹಿಂದಿನ ಸಾಲಿನಿಂದ ಎದ್ದು ನಿಂತಳು. "ಮಿತಿ ಬೇಕು, ಇರ್ಲಿ. ಮೂರು ಜನ ಸಾಕು. ಆದ್ರೆ ಖಾಲಿಯಾದ ಜಾಗಕ್ಕೆ ಬರೋರು ಎಲ್ಲಿದಾರೆ ಸಾರ್? ಕಾರು ನಿಲ್ಲಿಸಿದ ಜಾಗದಲ್ಲಿ ಮೊಳಕೆ ಒಡೀತಾರಾ? ಕಿರಿಯರ ತಂಡ ಮತ್ತೆ ಯಾವಾಗ ಶುರು ಮಾಡ್ತೀರಿ, ತಾರೀಕು ಹೇಳಿ." ಜನ ಚಪ್ಪಾಳೆ ತಟ್ಟಿದರು. ಪರಿಶೀಲಿಸುತ್ತೇವೆ ಎಂದ ಕಾರ್ಯದರ್ಶಿ.

ಅದಾಗಿ ಮೂರು ವರ್ಷ. ತಮ್ಮ ಆಟ ಬಿಟ್ಟು ಶಾಲೆಯೊಂದರಲ್ಲಿ ಆಟದ ಮೇಷ್ಟ್ರಾಗಿದ್ದಾನೆ. ಕಿರಿಯರ ತಂಡ ಇನ್ನೂ ತೆರೆದಿಲ್ಲ. ಪ್ರತಿ ಸಭೆಯಲ್ಲೂ ಅವಳು ಎದ್ದು ಅದೇ ಪ್ರಶ್ನೆ ಕೇಳುತ್ತಾಳೆ. ಈಗೀಗ ಸಭೆಯನ್ನು ಪಂದ್ಯದ ಮರುದಿನವೇ ಇಡುತ್ತಾರೆ, ಬಟ್ಟೆಯ ರಾಶಿ ಬಿಟ್ಟು ಅವಳು ಬರಲಾರಳೆಂಬ ಲೆಕ್ಕ. ಅವಳು ಮಷೀನು ನಿಲ್ಲಿಸಿ, ಸೋಪಿನ ಕೈಯಲ್ಲೇ ಮೆಟ್ಟಿಲು ಹತ್ತುತ್ತಾಳೆ.