ಇದು ಬೇಕೇನ್ರಿ?

ಬಾಗಲಗುಂಟೆಯ ನಮ್ಮ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಯಮನೂರ ಯಾವಾಗಲೂ ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದ. ‘ಆನ್ ಆಗೋಕೆ ಹತ್ತು ನಿಮಿಷ ತಗೊಳ್ತಿದೆ ಗುರು’ ಎಂದು ಯಾರಾದರೂ ಬಂದರೆ, ತಾನೇ ತಪ್ಪು ಮಾಡಿದವನಂತೆ ಬೆವರುತ್ತಿದ್ದ. ಆನ್ ಮಾಡಿದೊಡನೆ ತಾವಾಗಿಯೇ ಶುರುವಾಗುವ ಪ್ರೋಗ್ರಾಂಗಳನ್ನು ನಿಲ್ಲಿಸಿದರೆ ಹತ್ತು ನಿಮಿಷ ಒಂದಕ್ಕಿಳಿಯುತ್ತದೆ. ನನಗದು ಕಾಲು ಗಂಟೆಯ ಕೆಲಸ, ಅವನಿಗೆ ಅರ್ಧ ದಿನ. ಒಂದೊಂದರ ಹೆಸರನ್ನೂ ಓದಿ, ‘ಇದು ಬೇಕೇನ್ರಿ? ಖರೇನ ಬ್ಯಾಡೇನ್ರಿ? ಮನ್ಯಾಗ ಒಂದ್ಸಲ ಕೇಳ್ಕೊಂಡ್ ಬರ್ರಿ’ ಎನ್ನುತ್ತಿದ್ದ. ‘ನಾನೇನು ಹೆಣ್ಣು ನೋಡೋಕೆ ಬಂದಿದ್ದೀನೇನಯ್ಯಾ, ಮನೇಲಿ ಕೇಳೋಕೆ?’ ಎಂದು ಗಿರಾಕಿಗಳು ನಗುತ್ತಿದ್ದರು. ಮೂರು ದಿನ ಬಿಟ್ಟು ಅವರಿಗೆ ಫೋನ್ ಮಾಡಿ, ‘ಬೇಕಾದ್ದೇನೂ ನಿಂತಿಲ್ಲ ಹೌದಲ್ರೀ?’ ಎಂದು ಮತ್ತೆ ವಿಚಾರಿಸುತ್ತಿದ್ದ. ಈ ಭಯ ಅವನಿಗೆ ಅಂಟಿದ್ದು ಜಾಲಹಳ್ಳಿಯ ಸೊಣ್ಣಮ್ಮ ಟೀಚರ್ ಅವರಿಂದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರ ಲ್ಯಾಪ್‌ಟಾಪಿನಲ್ಲಿ ಅವನು ಕೇಳದೆ ನಿಲ್ಲಿಸಿದ್ದೊಂದು, ಬೆಳಿಗ್ಗೆ ಎಂಟಕ್ಕೆ ಹೃದಯದ ಮಾತ್ರೆಯನ್ನು ನೆನಪಿಸುವ ಪ್ರೋಗ್ರಾಂ ಆಗಿತ್ತು. ನಾಲ್ಕು ದಿನ ಮಾತ್ರೆ ತಪ್ಪಿ ಅವರು ಆಸ್ಪತ್ರೆ ಸೇರಿದರು. ಅದನ್ನು ಮತ್ತೆ ಹಾಕಿಕೊಟ್ಟ ಮೇಲೂ ಅವನಿಗೆ ಧೈರ್ಯ ಬರಲಿಲ್ಲ. ಲ್ಯಾಪ್‌ಟಾಪೇ ಆನ್ ಆಗದಿದ್ದರೆ ಎಂದು ಹೆದರಿ, ಆರು ವರ್ಷ, ದಿನವೂ ಎಂಟಕ್ಕೆ ತಾನೇ ಫೋನ್ ಮಾಡಿದ. ಅವನು ತೀರಿಕೊಂಡ ಮರುದಿನ, ಎಂಟೂ ಹತ್ತಕ್ಕೆ, ಸೊಣ್ಣಮ್ಮನವರು ನನಗೆ ಫೋನ್ ಮಾಡಿದರು. ‘ಯಮನೂರ ಇವತ್ತು ಫೋನೇ ಮಾಡ್ಲಿಲ್ಲ ಕಣಪ್ಪ, ಹುಷಾರಾಗಿದ್ದಾನಾ?’ ಎಂದರು. ‘ಮೊದ್ಲು ಮಾತ್ರೆ ತಗೊಳ್ಳಿ ಮೇಡಂ, ಆಮೇಲೆ ಹೇಳ್ತೀನಿ’ ಎಂದೆ.