ಹಸಿರು ಬಳೆ ಉಳಿಸಿದ ಗೆರೆ

ಕಾಕುವಿನ ಬಲಗೈಯ ತೋರುಬೆರಳಿನ ಉಗುರು ಯಾವಾಗಲೂ ತೆಳು ಗುಲಾಬಿ. ಅದು ನೇಲ್ ಪಾಲಿಶ್ ಅಲ್ಲ. ಕಪ್ಪುಬಿಳುಪು ಫೋಟೊಗಳ ಕೆನ್ನೆಗೆ ವರ್ಷಗಟ್ಟಲೆ ಹತ್ತಿಯಿಂದ ಬಣ್ಣ ಹಚ್ಚಿದ ಗುರುತು. ವಿಜಾಪುರದ ಕಡೆಯವರು, ಪುಣೆಯ ಖಡಕಿಯಲ್ಲಿ ನಮ್ಮ ಪಕ್ಕದ ಮನೆ; ಚಿಕ್ಕಮ್ಮನಿಗೆ ಅಲ್ಲಿ ಅನ್ನುವ ಹಾಗೆ ಎಲ್ಲರೂ ಅವರನ್ನು ಕಾಕು ಅನ್ನುತ್ತಿದ್ದರು. ನಾನು ಎಂ.ಎ. ಓದುತ್ತ ಮಧ್ಯಾಹ್ನಗಳಲ್ಲಿ ಅವರು ಕೆಲಸಕ್ಕಿದ್ದ ಫೋಟೊ ಸ್ಟುಡಿಯೊದಲ್ಲಿ ಸ್ಕ್ಯಾನಿಂಗ್ ಕೆಲಸಕ್ಕೆ ಸೇರಿದ್ದು ಅವರ ಮಾತಿನ ಮೇಲೆ.

ಕಂಪ್ಯೂಟರ್ ಬಂದ ಮೇಲೆ ಮಾಲೀಕರು ಕಾಕುವನ್ನು ಆಲ್ಬಮ್ ಅಂಟಿಸಲು ಕೂರಿಸಿ, ಕೋರ್ಸ್ ಮುಗಿಸಿದ ಆಪರೇಟರ್ ಒಬ್ಬನನ್ನು ತಂದರು. ಕಾಕು ಅಂಟಿಸುತ್ತಲೇ ಅವನ ಪರದೆ ನೋಡುತ್ತಿದ್ದರು. ಅವನು ಊಟಕ್ಕೆ ಎದ್ದರೆ ತಾವು ಕೂತು, ಫೋಟೊದ ಬೆಳಕು-ಬಣ್ಣ ತಿದ್ದುವ ‘ಕರ್ವ್ಸ್’ ತೆರೆಯುವರು. ಚೌಕದೊಳಗೆ ಕತ್ತಲಿನಿಂದ ಬೆಳಕಿಗೆ ಏರುವ ಒಂದು ಓರೆ ಗೆರೆ. ಮೇಲೆಳೆದರೆ ಚಿತ್ರ ಬೆಳಗುತ್ತದೆ, ಕೆಳಗೆಳೆದರೆ ಮಬ್ಬಾಗುತ್ತದೆ. ಕೆಂಪು, ಹಸಿರು, ನೀಲಿಗೆ ಒಂದೊಂದು ಗೆರೆ ಬೇರೆ. ಇದು ಹತ್ತಿಯಲ್ಲ ಕಾಕು, ಮೌಸ್ ಎಂದು ಆಪರೇಟರ್ ಮರಾಠಿಯಲ್ಲಿ ಚುಚ್ಚಿದರೆ ಅವರು ನನ್ನ ಕಡೆ ತಿರುಗಿ, “ಖರೇ ಅದ. ಹತ್ತಿ ಹೇಳಿದಂಗ ಕೇಳತಿತ್ತು” ಅನ್ನುತ್ತಿದ್ದರು.

ಆಗ ನಿಗಡಿಯ ಕನ್ನಡ ಮನೆತನವೊಂದರ ಮದುವೆ ಆಲ್ಬಮ್ ವಾಪಸು ಬಂತು. ಮದುವೆ ಛತ್ರದ ಟ್ಯೂಬ್‌ಲೈಟಿನಿಂದ ಎಲ್ಲರ ಮುಖಕ್ಕೂ ಹಸಿರು ಛಾಯೆ ಹತ್ತಿತ್ತು. ಅದನ್ನು ತೆಗೆಯಲು ಆಪರೇಟರ್ ಹಸಿರಿನ ಗೆರೆಯನ್ನು ಇಡಿಯಾಗಿ ಕೆಳಗೆಳೆದಿದ್ದ. ಮುಖಗಳೇನೋ ತಿಳಿಯಾದವು, ಮದುಮಗಳ ಹಸಿರು ಬಳೆಗಳು ಕಪ್ಪಾದವು.

“ಲಗ್ನದಾಗ ನನ್ನ ಮಗಳಿಗೆ ಕರೀ ಬಳಿ ಇಡಿಸೀರಲ್ರಿ,” ಎಂದರು ಹುಡುಗಿಯ ತಾಯಿ. “ಬೀಗರಿಗೆ ಇದನ್ನ ಹೆಂಗ ತೋರಸ್ಲಿ?”

ಆಪರೇಟರ್ ಮತ್ತೆ ತಿದ್ದಿದ. ಬಳೆ ಹಸಿರಾದರೆ ಮುಖವೂ ಹಸಿರಾಗುತ್ತಿತ್ತು. ನಾನು ಮಾಡುತ್ತೇನೆ ಎಂದರು ಕಾಕು. ಮಾಲೀಕರು ಒಪ್ಪಿದರು, ಆದರೆ ಈ ಸಲವೂ ತಿರುಗಿ ಬಂದರೆ ಇನ್ನೆಂದೂ ಕಂಪ್ಯೂಟರ್ ಮುಟ್ಟಬಾರದು ಅಂದರು.

ಕಾಕು ಬಳೆಯ ಮೇಲೆ ಮೌಸ್ ಒತ್ತಿದರು. ಆ ಬಣ್ಣ ಹಸಿರಿನ ಗೆರೆಯಲ್ಲಿ ಎಲ್ಲಿದೆಯೋ ಅಲ್ಲಿ ಪುಟ್ಟ ಉಂಗುರ ಮೂಡಿತು. ಅಲ್ಲೊಂದು ಚುಕ್ಕೆ ಇಟ್ಟು ಗೆರೆಯನ್ನು ಅಲುಗದಂತೆ ಬಿಗಿದರು. ಕೆನ್ನೆಯ ಜಾಗ ಅದಕ್ಕಿಂತ ಮೇಲಿತ್ತು. ಅದನ್ನಷ್ಟೇ ಕೂದಲೆಳೆಯಷ್ಟು ಇಳಿಸಿದರು. ಮುಖದ ಹಸಿರು ಕರಗಿತು. ಬಳೆ ಹೇಗಿತ್ತೋ ಹಾಗೇ ಉಳಿಯಿತು.

“ತಿದ್ದೂದು ಆಮ್ಯಾಲೆ, ತಂಗಿ. ಯಾವುದು ಅಲಗಾಡಬಾರದೋ ಮೊದಲ ಅದನ್ನ ಹಿಡಿ.”

ಹುಡುಗಿಯ ತಾಯಿ ಹೊಸ ಆಲ್ಬಮ್ಮನ್ನು ಬಾಗಿಲ ಬೆಳಕಿಗೆ ಒಯ್ದು ಒಂದೊಂದೇ ಪುಟ ನೋಡಿದರು. ಮಾಲೀಕರು ಬೆವರೊರೆಸಿಕೊಂಡರು. ಕೊನೆಗೆ ಆಕೆ, ಬೀಗರಿಗೂ ಇಂಥದೇ ಒಂದು ಮಾಡಿಕೊಡಿ ಎಂದರು. ಮಾಲೀಕರು ಆಪರೇಟರ್‌ಗೆ ಏಳುವಂತೆ ಕಣ್ಣಲ್ಲೇ ಹೇಳಿದರು. ಕಾಕು ಸೆರಗು ಸಿಕ್ಕಿಸಿ, ಆ ಚಕ್ರದ ಕುರ್ಚಿಯಲ್ಲಿ ಕೂತು, ಕಾಲೆತ್ತಿ ಒಂದು ಸುತ್ತು ಗಿರ್ರನೆ ತಿರುಗಿದರು. ಸ್ಟುಡಿಯೊ ಮುಚ್ಚುವ ತನಕ ಆ ಜಾಗದಲ್ಲಿ ಬೇರೆ ಯಾರೂ ಕೂರಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಗೋಡೆಗೆ ಹಾಕುವ ಅವರ ಫೋಟೊ ತಿದ್ದುವ ಕೆಲಸ ನನಗೆ ಬಂತು; ಈಗ ನನ್ನ ಹೊಟ್ಟೆಪಾಡೂ ಅದೇ ಕೆಲಸ. ಮುಖ ಸ್ವಲ್ಪ ಬೆಳ್ಳಗಾಗಲಿ ಎಂದರು ಅವರ ಮನೆಯವರು. ಕಾಕುವಿನದು ಎಣ್ಣೆಗಪ್ಪು ಬಣ್ಣ. ನಾನು ಮೊದಲ ಚುಕ್ಕೆಯನ್ನು ಆ ಬಣ್ಣದ ಮೇಲೆ ಇಟ್ಟು, ಫೋಟೊದಲ್ಲಿ ಅವರ ಬೆನ್ನ ಹಿಂದಿದ್ದ ಗೋಡೆಗಷ್ಟೇ ಬೆಳಕು ಕೊಟ್ಟೆ.