ಮುನಿವೆಂಕಟಮ್ಮ ಕಟ್ಟಿದ ಹಾರ್ನು

ಬೇರೆಯವರ ಮನೆಗೆ ಹೋದವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಕ್ಷೇಮ ವಿಚಾರಿಸುತ್ತಾರೆ. ಮುನಿವೆಂಕಟಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದು ಚಪ್ಪಾಳೆ ಹೊಡೆಯುತ್ತಿದ್ದರು. ಹಾಲಿನ ನಟ್ಟನಡುವೆ ನಿಂತು, ತಲೆಯನ್ನು ಸ್ವಲ್ಪ ಓರೆ ಮಾಡಿ, ಒಂದೇ ಒಂದು ಸಲ, ಫಟ್ ಅಂತ. ಆ ಸದ್ದು ಗೋಡೆಗಳಿಗೆ ಬಡಿದು ಸುಮ್ಮನಾಗುವವರೆಗೆ ಕಣ್ಣು ಮುಚ್ಚಿಕೊಂಡಿದ್ದು ಆಮೇಲೆ ತೀರ್ಪು ಕೊಡುತ್ತಿದ್ದರು. ನಮ್ಮ ಮನೆಗೆ ಅವರು ಕೊಟ್ಟ ತೀರ್ಪು ಇದು:

“ಬಾತ್‌ರೂಮು ಬಲೇ ಚೆಂದಾಗಿ ಕಟ್ಸಿದ್ದೀಯ ಕಣಪ್ಪಾ. ಹಾಲೆಲ್ಲೈತೆ?”

ನಾವು ನಿಂತಿದ್ದದ್ದು ಹಾಲಿನಲ್ಲೇ. ನಾನು ಹೊಸೂರಿನ ಲಾರಿ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವ ಕೆಲಸದವನು. ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ, ನೆಲಕ್ಕೆ ಮುಖ ಕಾಣುವಂಥ ಟೈಲ್ಸ್, ಒಂದು ಗೋಡೆಗೆ ಪೂರ್ತಿ ಗಾಜಿನ ಷೋಕೇಸು, ನಡುವೆ ಗಾಜಿನ ಟೀಪಾಯಿ ಹಾಕಿಸಿದ್ದೆ. ಇದು ಸಾಲದೆಂಬಂತೆ ಏಳು ಸ್ಪೀಕರು, ದಪ್ಪ ಸದ್ದಿಗೆಂದೇ ಒಂದು ಸಬ್‌ವೂಫರು, ಇವಕ್ಕೆಲ್ಲ ಸದ್ದು ಹಂಚುವ, ಐವತ್ತೆರಡು ಗುಂಡಿಗಳ ರಿಮೋಟಿದ್ದ ರಿಸೀವರು. ಇವನ್ನು ಆರಿಸಲು ಮೂರು ತಿಂಗಳು ಶಿಫ್ಟಿನ ಬಸ್ಸಿನಲ್ಲಿ ಹೋಗುತ್ತ ಬರುತ್ತ ಫೋನಿನಲ್ಲಿ ಸಕಲ ಪಂಡಿತರ ಅಭಿಪ್ರಾಯಗಳನ್ನೂ ಓದಿದ್ದೆ. ತಿಳಿಯದೆ ಉಳಿದಿದ್ದ ಒಂದೇ ವಿಷಯವೆಂದರೆ ಅವು ಹೇಗೆ ಕೇಳಿಸುತ್ತವೆ ಎನ್ನುವುದು. ಅದು ಜೋಡಿಸಿದ ದಿನ ತಿಳಿಯಿತು. ಸಿನಿಮಾದವರು ಮಾತಾಡಿದರೆ ಬಾವಿಯೊಳಗಿಂದ ಕೂಗಿದಂತೆ. ಅವರು ಬಾಗಿಲು ಹಾಕಿಕೊಂಡರೆ ನಮ್ಮ ಷೋಕೇಸಿನ ಲೋಟಗಳೆಲ್ಲ ಎದ್ದು ಕುಣಿದಂತೆ. ಪಕ್ಕದ ಬೀದಿಯವರೊಬ್ಬರು ಮುನಿವೆಂಕಟಮ್ಮನ ಹೆಸರು ಹೇಳಿ, “ಬಾಯಿ ಸ್ವಲ್ಪ ಜೋರು” ಎಂದರು. ಆ ‘ಸ್ವಲ್ಪ’ ಅವರ ಸೌಜನ್ಯ.

ಆಕೆಗೆ ಆಗಲೇ ಅರವತ್ತು ದಾಟಿತ್ತು. ಸೀರೆಯ ಮೇಲೆ ಮಾಸಿದ ನೀಲಿ ಕೋಟು. ಅದರ ಜೇಬಿನಲ್ಲಿ ಮೂರು ಬಗೆಯ ಚಿಮ್ಮಟ. ಹರೆಯವನ್ನೆಲ್ಲ ಗಡಿಯಾರದ ಕಾರ್ಖಾನೆಯಲ್ಲಿ ಕಳೆದವರು. ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಕೂರಿಸಿ, ಗಡಿಯಾರವನ್ನು ಕಿವಿಗೆ ಹಿಡಿದು, ಇದರ ಎದೆ ಸರಿಯಿದೆ, ಇದರದ್ದು ಸರಿಯಿಲ್ಲ ಎಂದು ವಿಂಗಡಿಸುತ್ತಿದ್ದರಂತೆ. ಗಂಡನಿಗೆ ಮದುವೆಗಳಿಗೆ ಸೌಂಡ್ ಸೆಟ್ ಬಾಡಿಗೆಗೆ ಕೊಡುವ ವ್ಯಾಪಾರ. ಅವನು ಸತ್ತಾಗ ಬಿಟ್ಟುಹೋದದ್ದು ಹದಿನಾರು ಹರಿದ ಸ್ಪೀಕರು ಮತ್ತು ಅವುಗಳ ಬಗ್ಗೆ ಒಂದಿಷ್ಟು ಸುಳ್ಳು. ಮುನಿವೆಂಕಟಮ್ಮ ಚಿಮ್ಮಟ ಹಿಡಿದು ಒಂದೊಂದನ್ನೇ ಬಿಚ್ಚಿ, ಹರಿದ ಕಾಗದ ಬದಲಿಸಿ, ವಿದ್ಯೆಯನ್ನು ಕಲಿತುಬಿಟ್ಟರು. ರಾಯಕೋಟೆ ರಸ್ತೆಯ ಹಿಂದೆ ಒಂದು ಶೀಟಿನ ಷೆಡ್ಡು ಹಿಡಿದು, ಮನೆಗಳಿಗೆ ಸ್ಪೀಕರು ಆರಿಸಿಕೊಡುವ, ಕಟ್ಟಿಕೊಡುವ ಕೆಲಸಕ್ಕಿಳಿದರು.

“ನನ್ ಗಂಡ ಇಪ್ಪತ್ ವರ್ಷ ಊರೋರ ಕಿವಿ ಕೆಡಿಸ್ದ. ಆ ಪಾಪ ತೊಳೀತಾ ಇವ್ನಿ” ಎನ್ನುತ್ತಿದ್ದರು.

ಲೆಕ್ಕ ಹಾಕುವುದು ತಮಿಳಿನಲ್ಲಿ, ಯಾಕೆಂದರೆ ಓದಿದ್ದು ಆ ಶಾಲೆಯಲ್ಲಿ. ಬೈಯುವುದು ತೆಲುಗಿನಲ್ಲಿ, ಯಾಕೆಂದರೆ ಅತ್ತೆ ತೆಲುಗಿನವಳು. ಕನ್ನಡವನ್ನು ಗಿರಾಕಿಗಳ ಮಾನ ಕಳೆಯಲೆಂದು ಮೀಸಲಿಟ್ಟಿದ್ದರು.

“ಎಷ್ಟು ವ್ಯಾಟು ಇದು?” ಎಂದು ನನ್ನ ರಿಸೀವರನ್ನು ಬೆರಳಿನಿಂದ ತಟ್ಟಿ ಕೇಳಿದರು. ನಾನು ಹೆಮ್ಮೆಯಿಂದ ಹೇಳಿದೆ.

“ಅಷ್ಟೂ ಒಟ್ಗೇ ಬಿಟ್ರೆ ಪಕ್ಕದ್ಮನೆಯೋರು ಸೈಟ್ ಮಾರ್ಕಂಡು ಹೋಗ್ಬುಡ್ತಾರೆ. ದಿನಾ ನೀ ಕೇಳೋದು ಒಂದೇ ಒಂದು ವ್ಯಾಟು ಕಣ್ಲಾ. ಆ ಮೊದಲ್ನೇ ವ್ಯಾಟೇ ನೆಟ್ಗಿಲ್ದಿದ್ರೆ ಮಿಕ್ಕಿದ್ದನ್ನ ಏನ್ ಮಾಡ್ತೀಯ, ಉಪ್ಪಾಕಿ ಜಾಡೀಲಿ ಇಟ್ಕತೀಯಾ?”

ಬಾಯಿ ಸ್ವಲ್ಪ ಜೋರು ಎಂದರೆ ಇದು.

ಅಂಗಡಿಯವರೆಲ್ಲ ಸ್ಪೀಕರು ತೋರಿಸುವಾಗ ಬಾಂಬು ಸಿಡಿಯುವ ಸಿನಿಮಾ ಹಾಕುತ್ತಾರೆ. ನಾನೂ ಅದನ್ನೇ ಹಾಕಹೋದೆ. ಮುನಿವೆಂಕಟಮ್ಮ ತಡೆದರು. “ನಿಮ್ಮನೇಲಿ ವಾರಕ್ಕೆಷ್ಟು ಬಾಂಬ್ ಬೀಳ್ತದೆ? ಅದು ಸರ್ಯಾಗ್ ಸಿಡೀತಾ ಇಲ್ವಾ ಅಂತ ನಿಂಗೇನ್ ಗೊತ್ತು? ಗೊತ್ತಿರೋ ಗಂಟ್ಲು ಹಾಕು.” ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಶೈಲಜಾಳನ್ನು ಕರೆದು, ದಿನಸಿ ಚೀಟಿ ಓದಿಸಿ, ಅವಳ ದನಿಯನ್ನು ಫೋನಿನಲ್ಲಿ ತುಂಬಿಸಿಕೊಂಡರು. ನನ್ನ ಏಳು ಸ್ಪೀಕರುಗಳಲ್ಲಿ ‘ತೊಗರಿಬೇಳೆ ಎರಡು ಕೇಜಿ’ ಎಂದದ್ದು ನೆಗಡಿಯಾದ ವಾರ್ತಾ ವಾಚಕಿ. ಆಮೇಲೆ ಮುನಿವೆಂಕಟಮ್ಮ ಆಟೋದಲ್ಲಿ ತಂದಿದ್ದ, ತಾವೇ ಕಟ್ಟಿದ ಎರಡು ಕಂದು ಸ್ಪೀಕರು ಡಬ್ಬಿಗಳನ್ನು ಗೋಡೆಯಿಂದ ಎರಡು ಅಡಿ ಮುಂದಕ್ಕೆ ಇಟ್ಟು, ಟೈಲ್ಸ್ ಮೇಲೆ ನಮ್ಮ ದಪ್ಪ ಜಮಖಾನ ಹಾಸಿ, ಅದೇ ಚೀಟಿಯನ್ನು ಮತ್ತೆ ಹಾಕಿದರು. ಹಾಲಿನ ನಡುವೆ ಶೈಲಜಾ ನಿಂತು ಬೇಳೆ ಕೇಳಿದಳು. ಪಕ್ಕದಲ್ಲೇ ನಿಂತಿದ್ದ ನಿಜವಾದ ಶೈಲಜಾ, “ಇದು ನಾನು. ಮೊದಲು ಬಂದೋಳು ಯಾರೋ” ಎಂದಳು.

ಡಬ್ಬಿಗಳು ನೋಡಲು ಟೊಮೊಟೊ ಕ್ರೇಟಿನಂತಿದ್ದವು. ಆದರೂ ಅವೇ ಉಳಿದವು. ನನ್ನ ಸಬ್‌ವೂಫರು ಸೋಫಾ ಹಿಂದೆ ಸೇರಿತು. ಏಳು ಸ್ಪೀಕರುಗಳು ಅಟ್ಟಕ್ಕೆ ಹೋದವು, ಮೂರು ತಿಂಗಳ ಪಾಂಡಿತ್ಯದ ಸಮೇತ.

ಅಲ್ಲಿಂದ ನಾನು ಅವರ ಷೆಡ್ಡಿನ ಖಾಯಂ ಗಿರಾಕಿಯಾದೆ. ರಜೆಯ ದಿನ ಹೋಗಿ ಕೂತು ಬೈಸಿಕೊಂಡು ಬರುತ್ತಿದ್ದೆ. ಅವರು ನನಗೆ ಎಂದೂ ಕಲಿಸಲಿಲ್ಲ; ಸುಮ್ಮನೆ ಎರಡು ಸ್ಪೀಕರು ಹಾಕಿ “ಯಾವ್ದು?” ಎನ್ನುತ್ತಿದ್ದರು. ತಪ್ಪು ಹೇಳಿದರೆ ತೆಲುಗು. ಸರಿ ಹೇಳಿದರೆ ಮೌನ. ಎರಡು ವರ್ಷದಲ್ಲಿ ಮೌನವೇ ಹೆಚ್ಚಾಯಿತು. ಒಂದು ದಿನ ಯಾರೋ ಗಿರಾಕಿಗೆ ನನ್ನನ್ನು ತೋರಿಸಿ, “ಇವ್ನಿಗೂ ಕಿವಿ ಐತೆ, ಇವ್ನನ್ನೇ ಕೇಳಿ” ಎಂದರು. ಕಾರ್ಖಾನೆಯಲ್ಲಿ ನನಗೆ ಎರಡು ಸಲ ಬಡ್ತಿ ಸಿಕ್ಕಿದೆ. ಎರಡು ಸಲವೂ ಅಷ್ಟು ಸಂತೋಷವಾಗಿರಲಿಲ್ಲ.

ಆ ವರ್ಷವೇ ಷೆಡ್ಡಿನ ಮಾಲೀಕ ಅಲ್ಲಿ ಮೂರಂತಸ್ತು ಎಬ್ಬಿಸುತ್ತೇನೆ, ಖಾಲಿ ಮಾಡಿ ಎಂದ. ಅದೇ ಹೊತ್ತಿಗೆ ಉದ್ದನಪಲ್ಲಿಯಲ್ಲಿ ನನ್ನ ಹೆಂಡತಿಯ ದೊಡ್ಡಪ್ಪ ಪಿಳ್ಳಪ್ಪ, ಪಾಲಿಹೌಸಿನಲ್ಲಿ ಗುಲಾಬಿ ಬೆಳೆದು ಬೆಂಗಳೂರಿಗೆ ಕಳಿಸುವವರು, ಹೊಸ ಮನೆಯಲ್ಲಿ ಸಿನಿಮಾ ನೋಡಲೆಂದೇ ಒಂದು ಕೋಣೆ ಕಟ್ಟಿಸಿದ್ದರು. “ಅಳಿಯಂದ್ರೇ, ಎದೆ ಗುಡುಗುಡು ಅನ್ಬೇಕು, ಅಂಥಾದ್ದು ಹಾಕ್ಸಿ” ಎಂದರು. ನಾನು ಮುನಿವೆಂಕಟಮ್ಮನನ್ನು ಕರೆದುಕೊಂಡು ಹೋದೆ. ಕೆಲಸ ಮೆಚ್ಚಿಗೆಯಾದರೆ ಹೂ ಕಟ್ಟುವ ಹಳೆಯ ಷೆಡ್ಡೊಂದನ್ನು ಆಕೆಗೇ ಬಿಟ್ಟುಕೊಡುವುದಾಗಿಯೂ, ಸುತ್ತಲಿನ ಪಾಲಿಹೌಸಿನವರ ನಾಲ್ಕು ಮನೆಗಳಿಗೂ ಅವರಿಂದಲೇ ಸ್ಪೀಕರು ಕಟ್ಟಿಸುವುದಾಗಿಯೂ ಪಿಳ್ಳಪ್ಪ ಹೇಳಿದರು. ಮುನಿವೆಂಕಟಮ್ಮ ಆ ಕೋಣೆಯಲ್ಲಿ ಚಪ್ಪಾಳೆ ಹೊಡೆದು, ಮೂಲೆಯನ್ನು ದಿಟ್ಟಿಸಿ, “ಹಾರ್ನ್ ಕಟ್ತೀನಿ” ಎಂದರು.

ಹಾರ್ನ್ ಸಬ್‌ವೂಫರ್ ಎಂದರೇನೆಂದು ಪಿಳ್ಳಪ್ಪನಿಗೆ ಅವರು ವಿವರಿಸಿದ್ದು ಹೀಗೆ: “ದೂರದೋರ್ನ ಕೂಗೋವಾಗ ಬಾಯ್ಗೆ ಎರಡೂ ಕೈ ಅಡ್ಡ ಹಿಡೀತೀವಲ್ಲ, ಅದೇ ಹಾರ್ನು. ಉಸ್ರು ಕಮ್ಮಿ, ಕೂಗು ಜಾಸ್ತಿ. ದಪ್ಪ ಸದ್ದಿಗೆ ಉದ್ದಾನೆ ಕೈ ಬೇಕು. ಅಷ್ಟುದ್ದ ಮನೇಲಿ ಹಿಡಿಯಲ್ಲ, ಅದ್ಕೇ ಡಬ್ಬಿಯೊಳಗೆ ಮಡಚ್ತೀವಿ. ಅಂಚೆಟ್ಟಿ ಘಾಟಿ ರಸ್ತೆ ಇದ್ದಂಗೆ. ಸದ್ದು ತಿರುಗ್ತಾ ತಿರುಗ್ತಾ ಬತ್ತದೆ, ಬತ್ತಾ ಬತ್ತಾ ಬಲೀತದೆ.”

ಮಾಲೀಕನಿಂದ ಗಡುವು ಪಡೆದು, ಹಳೆಯ ಷೆಡ್ಡಿನಲ್ಲೇ ನಾಲ್ಕು ತಿಂಗಳು ಕಟ್ಟಿದರು. ಪ್ಲೈವುಡ್ಡನ್ನು ತಾವೇ ಕೊಯ್ದು, ಒಳಗಿನ ಒಂದೊಂದು ತಿರುವನ್ನೂ ಮರಳುಕಾಗದದಿಂದ ಉಜ್ಜಿದರು. ಯಾರಿಗೂ ಕಾಣದ ಜಾಗವನ್ನು ಅಷ್ಟೇಕೆ ಉಜ್ಜುತ್ತೀರಿ ಎಂದು ಕೇಳಿದರೆ, “ಸದ್ದಿಗೆ ಕಾಣ್ತದೆ” ಎಂದರು. ಮುಗಿದಾಗ ಅದು ಬಟ್ಟೆಯ ಬೀರುವಿನಷ್ಟು ಎತ್ತರವಿತ್ತು.

ಒಂದು ಭಾನುವಾರ ಬೆಳಗ್ಗೆ ಟೆಂಪೋದಲ್ಲಿ ಉದ್ದನಪಲ್ಲಿಗೆ ಸಾಗಿಸಿದೆವು. ಒಳಗೆ ಹೋದರೆ ಇನ್ನೊಬ್ಬ ಅಭ್ಯರ್ಥಿ ಆಗಲೇ ಕೂತಿದ್ದ. ಪಿಳ್ಳಪ್ಪನ ಸ್ನೇಹಿತರ್ಯಾರೋ ಬೆಂಗಳೂರಿನಿಂದ ಕಳಿಸಿದ ಸಲಹೆಗಾರ. ಚೂಪು ಬೂಟು, ಲ್ಯಾಪ್‌ಟಾಪು, ಕೋಲಿನ ತುದಿಯಲ್ಲಿ ಮೈಕು. ದೊಡ್ಡ ಲಾಡು ಡಬ್ಬಿಯಷ್ಟೇ ಇದ್ದ, ಕನ್ನಡಿಯಂತೆ ಹೊಳೆಯುವ ಎರಡು ಕಪ್ಪು ಸಬ್‌ವೂಫರುಗಳನ್ನು ಅವನು ತಂದಿದ್ದ. ಪರದೆಯ ಮೇಲೆ ಸದ್ದಿನ ಅಳತೆಯ ಒಂದು ಗೆರೆ ತೋರಿಸಿ, ಇದು ಎಷ್ಟು ನೇರವಾಗಿದೆ ನೋಡಿ ಎಂದ. ನಾವೆಲ್ಲರೂ ಗೆರೆಯನ್ನು ನೋಡಿ ಮೆಚ್ಚಿದೆವು. ಸದ್ದನ್ನು ನೋಡಿ ಮೆಚ್ಚುವ ಕಾಲ ಬಂದಿದೆಯೆಂದು ಮುನಿವೆಂಕಟಮ್ಮನಿಗೆ ಯಾರೂ ಹೇಳಿರಲಿಲ್ಲ.

ಆಕೆ ತಮಟೆಯ ಸದ್ದು ತುಂಬಿಸಿಕೊಂಡು ಬಂದಿದ್ದರು. ಕಪ್ಪು ಡಬ್ಬಿಗಳಲ್ಲಿ ಅದು ಧಡ್ ಧಡ್ ಎಂದಿತು. ಯಾರೋ ಹಾಸಿಗೆ ಕೊಡವಿದಂತೆ. ಆಮೇಲೆ ಹಾರ್ನಿನಲ್ಲಿ ಹಾಕಿದರು. ಶಬ್ದ ಹೆಚ್ಚಾಗಲಿಲ್ಲ. ಆದರೆ ಚರ್ಮ ಕೇಳಿಸಿತು. ಕೋಲು ಬಿದ್ದ ಜಾಗ ಕೇಳಿಸಿತು, ಬಾರಿಸುವವನು ನಡುವೆ ಒಂದು ಸಲ ಕೈ ಬದಲಿಸಿದ್ದು ಕೇಳಿಸಿತು. ಕಾಲ ಕೆಳಗಿನ ನೆಲ ಮೆತ್ತಗೆ ಉಸಿರಾಡಿತು. ನನ್ನ ಮೈ ಜುಮ್ಮೆಂದಿತು.

ಪಿಳ್ಳಪ್ಪ ಎದ್ದು ಕಪ್ಪು ಡಬ್ಬಿಯ ಬೆನ್ನು ಸವರಿದರು. “ಇದು ಸೋಫಾ ಪಕ್ಕ ಒಡವೆ ಇದ್ದಂಗೈತೆ. ಅದು ಬೀರು ಇದ್ದಂಗೈತೆ, ಬಂದೋರು ಬಟ್ಟೆ ಎಲ್ಲಿ ಅಂತಾರೆ. ಅಳಿಯಂದ್ರೇ, ನೀವು ಕಂಪ್ನೀಲಿ ಕ್ವಾಲಿಟಿ ನೋಡೋರು. ನೀವ್ ಹೇಳಿದ್ದೇ ಫೈನಲ್ಲು.”

ಅವರ ಮುಖದಲ್ಲಿ ಉತ್ತರ ಆಗಲೇ ಬರೆದಿತ್ತು. ಹೆಂಡತಿಯ ಕಡೆಯವರೆಲ್ಲ ಸಾಲಾಗಿ ಕೂತಿದ್ದರು. ಅತ್ತೆ ಕಾಫಿ ಲೋಟ ಹಿಡಿದು ನಿಂತಿದ್ದರು. ಸಲಹೆಗಾರ ನನ್ನತ್ತ ತಿರುಗಿ ಇಂಗ್ಲಿಷಿನಲ್ಲಿ ಏನೋ ಅಂದ, ಅರ್ಥವಾದವನಂತೆ ತಲೆಯಾಡಿಸಿದೆ. ದಿನಕ್ಕೆ ನೂರಾರು ಲಾರಿ ಬಿಡಿಭಾಗಗಳನ್ನು ನಿರ್ದಾಕ್ಷಿಣ್ಯವಾಗಿ ತಿರಸ್ಕರಿಸುವ ಮಹಾನುಭಾವ ಗಂಟಲು ಸರಿಮಾಡಿಕೊಂಡು ಹೇಳಿದ್ದು: “ಅಳತೆ ಪ್ರಕಾರ ನೋಡಿದ್ರೆ... ಬೆಂಗ್ಳೂರಿನೋರದ್ದೇ ಕ್ಲೀನಾಗಿದೆ.”

ಮುನಿವೆಂಕಟಮ್ಮ ವೈರು ಸುತ್ತತೊಡಗಿದರು. ಅಷ್ಟು ನಿಧಾನವಾಗಿ ಅವರು ವೈರು ಸುತ್ತಿದ್ದನ್ನು ನಾನು ಕಂಡಿರಲಿಲ್ಲ. ನನ್ನ ಮುಂದೆ ಹಾದುಹೋಗುವಾಗ ನಿಂತರು.

“ನಿನ್ ಕಿವಿ ಸರ್ಯಾಗೇ ಐತೆ ಕಣ್ಲಾ. ಕೈ ಮೇಲೆ ಕೂದ್ಲು ಎದ್ದಿದ್ದು ನೋಡ್ದೆ. ನಾಲ್ಗೆ ರಿಪೇರಿ ನಂಗ್ ಬರಾಕಿಲ್ಲ.”

ತೆಲುಗಿನಲ್ಲಿ ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಹಾರ್ನನ್ನು ವಾಪಸು ಒಯ್ಯಲು ಅವರಿಗೆ ಜಾಗವೆಲ್ಲಿತ್ತು? ಅದು ಪಿಳ್ಳಪ್ಪನ ದನದ ಕೊಟ್ಟಿಗೆ ಸೇರಿತು. ಅದರ ನುಣ್ಣನೆಯ ತಿರುವುಗಳ ಗುಣಮಟ್ಟವನ್ನು ಮೊದಲು ಗುರುತಿಸಿದವು ಕೋಳಿಗಳು, ಅಲ್ಲೇ ಮೊಟ್ಟೆಯಿಡತೊಡಗಿದವು. ತಿಂಗಳೊಳಗೆ ಷೆಡ್ಡು ನೆಲಸಮವಾಯಿತು. ಮುನಿವೆಂಕಟಮ್ಮ ಯಾರಿಗೂ ಹೇಳದೆ ಅಂಚೆಟ್ಟಿಯ ಆಚೆಯ ಹಳ್ಳಿಗೆ, ತಂಗಿಯ ಮನೆಗೆ ಹೊರಟುಹೋದರು.

ಕ್ಷಮೆ ಕೇಳುವ ಮಾತುಗಳನ್ನು ನಾನು ಏಳು ತಿಂಗಳು ಅಭ್ಯಾಸ ಮಾಡಿದೆ. ಬರಿಗೈಯಲ್ಲಿ ಹೋಗುವ ಧೈರ್ಯ ಸಾಲದೆ, ಕೆಟ್ಟುಹೋಗಿದೆ ಎಂಬ ನೆಪ ಮಾಡಿ ಆ ಐವತ್ತೆರಡು ಗುಂಡಿಯ ರಿಸೀವರನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಹೊರಟೆ. ಅಂಚೆಟ್ಟಿಯಿಂದ ಮುಂದಕ್ಕೆ ಹೋಗುವ ಬಸ್ಸು ಬರಲೇ ಇಲ್ಲ. ಹನ್ನೊಂದು ಕೇಜಿ ಹೆಗಲ ಮೇಲಿಟ್ಟು ಕಲ್ಲಿನ ಏರು ಹತ್ತಿದೆ.

ಅವರು ಜಗಲಿಯಲ್ಲಿ ಕೂತು ಹುರುಳಿ ಹಸನು ಮಾಡುತ್ತಿದ್ದರು. ತೀರ ಸಣ್ಣಗಾಗಿದ್ದರು. ನನ್ನ ಹೆಗಲ ಮೇಲಿನ ಚೀಲವನ್ನು ನೋಡಿ ಮೊರ ಪಕ್ಕಕ್ಕಿಟ್ಟರು. ರಿಸೀವರಿನ ಮುಚ್ಚಳ ಬಿಚ್ಚಿ, ಸುಟ್ಟ ವಾಸನೆಯಿದೆಯೇ ಎಂದು ಮೂಸಿ, ಒಳಗಿನಿಂದ ಒಂದು ಪುಟ್ಟ ಸ್ಪೀಕರು ತಂದು ಜೋಡಿಸಿ, ಕಿವಿಗೊಟ್ಟು ಕೇಳಿದರು.

“ಇದ್ಕೇನಾಗೈತೆ?”

“ಏನೂ ಆಗಿಲ್ಲ” ಎಂದೆ. ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಗಿತ್ತು. “ಅವತ್ತು ನಿಮ್ ಹಾರ್ನೇ ಚೆನ್ನಾಗಿತ್ತು. ನಾನು ಸುಳ್ಳು ಹೇಳ್ದೆ.”

ಅವರು ಮುಚ್ಚಳದ ನಾಲ್ಕೂ ತಿರುಪುಗಳನ್ನು ಒಂದೊಂದಾಗಿ ಹಾಕಿ ಮುಗಿಸಿದರು.

“ಇದೊಂದ್ ಮಾತು ಹೇಳಾಕೆ ಇಷ್ಟು ಭಾರ ಹೊತ್ಕಂಡು ಬೆಟ್ಟ ಹತ್ತಿದ್ಯಾ? ಅಲ್ಲೇ ಹೇಳಿದ್ರೆ ಹಗೂರಾಗಿರ್ತಿತ್ತಲ್ಲೋ.”

ಮುದ್ದೆ, ಹುರುಳಿ ಸಾರು ಬಡಿಸಿದರು. ಹಾರ್ನಿನ ವಿಷಯ ಮತ್ತೆ ಎತ್ತಲಿಲ್ಲ. ನಾಲ್ಕು ಗಂಟೆಯ ಬಸ್ಸಿದೆ, ಹೊರಡು ಎಂದರು. ರಿಸೀವರನ್ನು ಇಲ್ಲೇ ಬಿಟ್ಟುಹೋಗಲೇ ಎಂದು ಕೇಳಿದೆ. “ನಿನ್ ಭಾರ ನಂಗ್ಯಾಕೆ, ನೀನೇ ಹೊತ್ಕ” ಎಂದರು. ಆದರೆ ಚೀಲದ ಒಂದು ತುದಿಯನ್ನು ತಾವೇ ಹಿಡಿದು ಮೆಟ್ಟಿಲಿಳಿದರು.

ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡ ಸುದ್ದಿಯನ್ನು ತಂಗಿ ಫೋನಿನಲ್ಲಿ ಹೇಳಿದಾಗ ನನಗೆ ಕಂಡದ್ದು ಆ ಇಳಿಜಾರೇ. ಚೀಲ ನಡುವೆ ತೂಗಾಡುತ್ತಿತ್ತು. ಇಬ್ಬರ ಹೆಜ್ಜೆಯೂ ಹೊಂದುತ್ತಿರಲಿಲ್ಲ. ಬಸ್ಸಿನ ರಸ್ತೆ ಸಿಗುವುದರೊಳಗೆ ಅವರು ಎರಡು ಸಲ ನಿಂತು, ಎದೆ ಹಿಡಿದು ಉಸಿರು ಎಳೆದುಕೊಂಡರು. ಎರಡು ಸಲವೂ ನನ್ನ ಕಡೆ ತಿರುಗಿ, “ಸುಸ್ತಾಯ್ತೇನ್ಲಾ ನಿಂಗೆ?” ಎಂದರು.

ನನಗೆ ಸುಸ್ತಾಗಿರಲಿಲ್ಲ. ಹೌದು ಎಂದೆ.